ಕಣ್ಣಕ್ಕನ ಕಿಟಕಿ

ಬಟ್ಟೆ ಮಿಲ್ಲಿನಲ್ಲಿ ಎಲ್ಲರಿಗೂ ಅವಳು ಕಣ್ಣಕ್ಕ. ಇಪ್ಪತ್ತಾರು ವರ್ಷದಿಂದ ಒಂದೇ ಕಿಟಕಿಯ ಬಳಿ ಕೂತು, ನೇಯ್ದು ಬಂದ ಬಟ್ಟೆಯನ್ನು ಮಾದರಿ ತುಂಡಿನ ಪಕ್ಕ ಹಿಡಿದು ‘ಸರಿ’, ‘ಸರಿಯಿಲ್ಲ’ ಎಂದು ಬಣ್ಣದ ತೀರ್ಪು ಕೊಡುವುದೇ ಅವಳ ಕೆಲಸ. ಗಂಡ ತೀರಿಕೊಂಡ ಮೇಲೆ ಮನೆ ನಡೆದದ್ದು ಈ ಎರಡು ಮಾತಿನಿಂದಲೇ.

ಹೋದ ವರ್ಷ ಅವಳ ಪಕ್ಕದಲ್ಲೇ ಒಂದು ಕ್ಯಾಮೆರಾ ತಂದು ನಿಲ್ಲಿಸಿದರು. ಕಪ್ಪು ಬಿಳಿಯ ಸಣ್ಣ ಗೀಟಿನ ಬಟ್ಟೆ ಬಂದರೆ ಸಾಕು, ಅದಕ್ಕೆ ಇಲ್ಲದ ಗುಲಾಬಿ, ಹಸಿರು ಎಲ್ಲ ಕಾಣುತ್ತಿತ್ತು. ಬೈಗುಳ ಮಾತ್ರ ನೂಲಿಗೆ ಬಣ್ಣ ಹಾಕುವ ಅವಳ ತಂಗಿಗೆ. ಕಣ್ಣಕ್ಕ ರೇಗಿ, ಕ್ಯಾಮೆರಾ ಕೂರಿಸಿದ ಎಂಜಿನಿಯರನ್ನು ತಡೆದಳು.

“ಇಲ್ದಿರೋ ಬಣ್ಣ ಎಲ್ಲಿಂದ ತರುತ್ತಪ್ಪಾ ಇದು?”

“ಬೆಳಕು ಹಿಡಿಯೋ ಸೆನ್ಸರ್ ಇದರಲ್ಲಿ ಒಂದೇ ಅಲ್ವಾ ಅಕ್ಕ. ಒಂದೊಂದು ಚುಕ್ಕೆಗೆ ಕೆಂಪೋ ಹಸಿರೋ ನೀಲಿಯೋ ಒಂದೇ ಕಾಣೋದು. ಉಳಿದೆರಡನ್ನ ಪಕ್ಕದ ಚುಕ್ಕೆ ನೋಡಿ ಊಹೆ ಮಾಡುತ್ತೆ.”

“ಪಕ್ಕದ ಮನೆಯವರ ಮಾತು ಕೇಳ್ಕೊಂಡು ನನ್ನ ತಂಗಿ ಮೇಲೆ ದೂರು ಹೇಳ್ತಿದೆ ಅನ್ನು!”

“ಮೂರು ಸೆನ್ಸರ್ ಇರೋ ಕ್ಯಾಮೆರಾನೂ ಇದೆ. ಒಳಗಿರೋ ಗಾಜು ಬೆಳಕನ್ನ ಮೂರು ಪಾಲು ಮಾಡುತ್ತೆ, ಒಂದೊಂದು ಬಣ್ಣಕ್ಕೆ ಒಂದೊಂದು ಸೆನ್ಸರು. ಊಹೆ ಇಲ್ಲ. ಆದ್ರೆ ದುಬಾರಿ.”

ಅಂದಿನಿಂದ ಕಣ್ಣಕ್ಕ ವಾರಕ್ಕೊಮ್ಮೆ ಮ್ಯಾನೇಜರ ಬಾಗಿಲಲ್ಲಿ. “ಊಹೆ ನಂಬಿ ಮನುಷ್ಯರನ್ನ ಬೈಬೇಡಿ ಸಾರ್. ಮೂರರದ್ದೇ ತರಿಸಿ.” ಹಟಮಾರಿ ಹೆಂಗಸು, ಕೊನೆಗೂ ತರಿಸಿದಳು.

ಪರೀಕ್ಷೆಗೆ ನಲವತ್ತು ತುಂಡು ಇಟ್ಟರು. ಅವಳು ಬೇರೆ, ಕ್ಯಾಮೆರಾ ಬೇರೆ ನೋಡಿ ಉತ್ತರ ಬರೆದದ್ದಾಯಿತು. ನಲವತ್ತಕ್ಕೆ ನಲವತ್ತೂ ತಾಳೆಯಾಯಿತು! ಗೀಟಿನ ಬಟ್ಟೆಯಲ್ಲೂ ತಪ್ಪಿಲ್ಲ. ತಂಗಿ ಓಡಿ ಬಂದು ತಬ್ಬಿಕೊಂಡಳು. ಕಣ್ಣಕ್ಕ ಹೆಮ್ಮೆಯಿಂದ ನಲವತ್ತೂ ತುಂಡನ್ನು ಮಡಿಸಿಟ್ಟಳು.

ಮರುದಿನ ಮ್ಯಾನೇಜರ್ ಕರೆದರು. “ಇದು ಥೇಟ್ ನಿಮ್ಮ ಹಾಗೇ ನೋಡುತ್ತೆ ಕಣ್ಣಕ್ಕ. ಇನ್ನು ನೀವು ವಿಶ್ರಾಂತಿ ತಗೊಳ್ಳಿ.”

ಕೆಲಸದಿಂದ ತೆಗೆದಿಲ್ಲವಂತೆ, ವಿಶ್ರಾಂತಿಯಂತೆ. ಅಳಿಯ ಅಲ್ಲ, ಮಗಳ ಗಂಡ ಅಂದ ಹಾಗೆ. ಹಳೆಯ ಕ್ಯಾಮೆರಾ ತಪ್ಪು ಮಾಡುತ್ತಿದ್ದುದರಿಂದಲೇ ಅದನ್ನು ತಿದ್ದಲು ತನ್ನನ್ನು ಇಟ್ಟುಕೊಂಡಿದ್ದರು ಎಂಬುದು ಅವಳಿಗೆ ಆಗ ಹೊಳೆಯಿತು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡಿದ್ದಳು.

ಚೀಲ ತೆಗೆದುಕೊಳ್ಳಲು ಹೋದಾಗ ಅವಳ ಮೇಜಿನ ಮೇಲೆ ಹೊಸ ಕ್ಯಾಮೆರಾ ಕೂತಿತ್ತು. ಹೊರಗಿನ ಬೆಳಕು ಅದಕ್ಕೆ ಆಗದೆಂದು ಕಿಟಕಿಗೆ ಕಪ್ಪು ಬಟ್ಟೆ ಹೊಡೆದಿದ್ದರು. ಬಾಗಿಲಲ್ಲಿ ನಿಂತಿದ್ದ ತಂಗಿ ಮುಖವೆತ್ತಲಿಲ್ಲ.

ಕಣ್ಣಕ್ಕ ಅಭ್ಯಾಸಬಲದಿಂದ ಆ ಕಪ್ಪು ಬಟ್ಟೆಯ ಅಂಚು ಹಿಡಿದು ನೋಡಿದಳು.

“ನೀಲಿ ಜಾಸ್ತಿಯಾಗಿದೆ,” ಎಂದಳು. “ಸರಿಯಿಲ್ಲ.”

ಅವಳನ್ನು ಯಾರೂ ಕೇಳಿರಲಿಲ್ಲ.