ನಡುನರವಿಲ್ಲದ ಎಲೆ

ನಂದಗುಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠ ಮುಗಿಸಿ ಹೊಸಕೋಟೆಯ ಮನೆ ಸೇರುವಷ್ಟರಲ್ಲಿ ನನಗೆ ಯಾರ ಜೊತೆಗೂ ಮಾತು ಬೇಡವಾಗಿರುತ್ತಿತ್ತು. ಫೋನು ಬಿಡುತ್ತಿರಲಿಲ್ಲ. ಗಿಡ ಬೆಳೆಸುವವರ ವಾಟ್ಸಾಪ್ ಗುಂಪಿನಲ್ಲಿ ‘ಮೇಡಂ, ಇದು ಯಾವ ಮರ?’ ಎಂಬ ಫೋಟೊಗಳು ಕಾದಿರುತ್ತಿದ್ದವು. ಸರ್ವೆ ಮರ ಪೈನ್ ಜಾತಿಯದಲ್ಲ; ಗೇಟಿನ ಪಕ್ಕ ನೆಡುವ ಕ್ರಿಸ್‌ಮಸ್ ಮರ ಪೈನಿನ ಬಳಗದ್ದೇ, ಆದರೆ ನಮ್ಮ ದೇಶದ್ದಲ್ಲ. ಇದನ್ನೇ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ.

ಕಳ್ಳಿಗಳ ವಿಷಯಕ್ಕೆ ಮಾತ್ರ ಗುಂಪಿನಲ್ಲಿ ಬೇರೆಯೊಬ್ಬರಿದ್ದರು. ಲೈನ್‌ಮನ್ ಆಗಿ ದುಡಿದು ನಿವೃತ್ತರಾದವರು, ನಮ್ಮೂರಿನವರೇ. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದರು. ಟೈಪ್ ಮಾಡಲು ಬೇಸರವಾಗಿ ಧ್ವನಿಯಲ್ಲೇ ಉತ್ತರ ಕಳಿಸುತ್ತಿದ್ದರು. ವಿದ್ಯಾರ್ಥಿಗಳಿಗೆ ತೋರಿಸಲು ಕೆಲವು ಗಿಡ ಬೇಕಾಗಿ ಒಂದು ಭಾನುವಾರ ಅವರ ಮನೆಗೆ ಹೋದೆ.

ತಾರಸಿಯ ತುಂಬ ಕಳ್ಳಿ. ಬಿಳಿ ಕೂದಲು ಮುಚ್ಚಿಕೊಂಡು ಮುದುಕನ ತಲೆಯಂತೆ ಕಾಣುವುದು ಒಂದು, ಮಿದುಳಿನಂತೆ ಸುರುಳಿ ಸುತ್ತಿಕೊಂಡದ್ದು ಇನ್ನೊಂದು. ಮುಳ್ಳೇ ಇಲ್ಲದ, ನಕ್ಷತ್ರ ಬಿಡಿಸಿದಂಥ ಒಂದು ಗುಂಡನ್ನು ಎತ್ತಿ ನನ್ನ ಅಂಗೈ ಮೇಲಿಟ್ಟರು.

“ಮುಳ್ಳಿಲ್ಲ ಅಂತ ಮೋಸ ಹೋಗ್ಬೇಡಿ ಮೇಡಂ. ಇಲ್ಲಿ ಚುಕ್ಕೆ ಚುಕ್ಕೆ ಹತ್ತಿ ಇದ್ಯಲ್ಲ, ಅದಿದ್ರೇನೇ ಕ್ಯಾಕ್ಟಸ್ಸು. ಬೇಲಿ ಕಳ್ಳಿಗೆ ಹತ್ತಿ ಇಲ್ಲ, ಮುರಿದ್ರೆ ಹಾಲು ಬರ್ತದೆ. ಅದು ಬೇರೆ ಖಾಂದಾನು.”

ಅದನ್ನು ನಾನು ವರ್ಷಗಟ್ಟಲೆ ಬೋರ್ಡಿನ ಮೇಲೆ ಬರೆದಿದ್ದೆ. ಬೆರಳಿನಿಂದ ಮುಟ್ಟಿ ನೋಡಿದ್ದು ಅಂದೇ.

ಇಳಿದು ಬರುವಾಗ ಮೆಟ್ಟಿಲ ತಿರುವಿನಲ್ಲಿ, ಡ್ರಮ್ಮಿನಲ್ಲಿದ್ದ ಎದೆಯೆತ್ತರದ ಗಿಡವೊಂದನ್ನು ತೋರಿಸಿದರು. ಅಳಿಯ ಕೇರಳದ ಬೆಟ್ಟದ ಕಡೆಯಿಂದ ತಂದುಕೊಟ್ಟದ್ದಂತೆ. “ನರ್ಸರಿಯವ್ರು ಒಬ್ಬ ಬಿದಿರು ಅಂತಾನೆ, ಇನ್ನೊಬ್ಬ ಲವಂಗ ಅಂತಾನೆ. ನೀವೇ ಹೇಳಿ.”

ಅಗಲ ಎಲೆ, ದಪ್ಪ, ಎದುರುಬದುರು ಜೋಡಿ. ಒಂದನ್ನು ಕಿತ್ತು ಬೆಳಕಿಗೆ ಹಿಡಿದೆ. ಬುಡದಿಂದ ತುದಿಯವರೆಗೆ ಸಣ್ಣ ಗೆರೆಗಳು ಒಂದರ ಪಕ್ಕ ಒಂದು. ನಡುನರವೇ ಇಲ್ಲ. ಎಲೆ ತಿರುಗಿಸಿ ಇನ್ನೊಮ್ಮೆ ನೋಡಿದೆ. ದಕ್ಷಿಣದ ಬೆಟ್ಟಗಳಲ್ಲಿ ತಾನಾಗಿ ಬೆಳೆಯುವ ಪೈನ್ ಬಳಗದ ಮರ ಇದೊಂದೇ ಎಂದು ಓದಿದ್ದೆ, ಎಲೆ ಒಣಗಿಸಿ ಅಂಟಿಸಿದ ಹಾಳೆಯಲ್ಲಷ್ಟೇ ನೋಡಿದ್ದೆ.

“ಭಾಯ್, ಇದು ಪೈನಿನ ನೆಂಟ. ನಮ್ಮ ಕಾಡಿನದೇ.”

“ಇಷ್ಟಗಲ ಎಲೆ ಇಟ್ಕೊಂಡಾ? ಪೈನ್ ಅಂದ್ರೆ ಸೂಜಿ ಎಲೆ ಅಲ್ವಾ? ತಮಾಷೆ ಮಾಡ್ಬೇಡಿ ಮೇಡಂ!”

ಬಿದಿರಿಗೂ ಲವಂಗಕ್ಕೂ ಇರುವ ನಡುನರ ಇದಕ್ಕಿಲ್ಲವೆಂದು ತೋರಿಸಿಕೊಟ್ಟೆ. ಅವರು ಅಂದೇ ಸಂಜೆ ಫೋಟೊ ಹಾಕಿ, ನಾನು ಹೇಳಿದ್ದನ್ನೆಲ್ಲ ಖುಷಿಯಿಂದ ಗುಂಪಿಗೆ ಹೇಳಿದರು. ಜನ ನಕ್ಕರು. ಯಾರೋ ಮೊಬೈಲ್ ಆ್ಯಪಿನಲ್ಲಿ ನೋಡಿ ಬಿದಿರೆಂದು ಹಾಕಿದರು. “ಕರೆಂಟ್ ಕಂಬ ಹತ್ತಿದಂಗಲ್ಲ ಗುರು ಇದು” ಎಂದು ಒಬ್ಬ ಬರೆದ. ಭಾಯ್ ನನ್ನ ಹೆಸರು ಎತ್ತಲಿಲ್ಲ, ನಾನೇ ಹೇಳಲೆಂದು ಕಾದಿರಬೇಕು. ನಾನು ಎಲ್ಲವನ್ನೂ ಓದುತ್ತಲೇ ಇದ್ದೆ. ಮೌಲ್ಯಮಾಪನದ ಉತ್ತರಪತ್ರಿಕೆಗಳು ಮುಂದಿದ್ದವು, ಕಣ್ಣು ಉರಿಯುತ್ತಿತ್ತು. ಮತ್ತೆ ಅದೇ ವಾದ ಯಾರಿಗೆ ಬೇಕು ಅನ್ನಿಸಿ ಫೋನು ಕವುಚಿ ಇಟ್ಟೆ. ಬೆಳಗ್ಗೆ ನೋಡಿದರೆ ಅವರು ಗುಂಪು ಬಿಟ್ಟಿದ್ದರು.

ಮುಂದಿನ ಭಾನುವಾರ ಹೋಗಿ, “ನಾನು ಮಾತಾಡ್ಬೇಕಿತ್ತು, ತಪ್ಪಾಯ್ತು” ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಬಿಡಿ ಮೇಡಂ, ನಂಗೂ ಸುಸ್ತಾಗಿದೆ. ಮಗ ಮೇಲೊಂದು ಮನೆ ಕಟ್ತಾನಂತೆ. ತಾರಸಿ ಖಾಲಿ ಮಾಡ್ಬೇಕು. ಆ ಡ್ರಮ್ ನೀವು ತಗೊಂಡ್ಹೋಗಿ.”

ಕಳ್ಳಿಗಳನ್ನು ಅವರು ಕೇಳಿದವರಿಗೆಲ್ಲ ಕೊಟ್ಟರು. ಡ್ರಮ್ಮನ್ನು ಟೆಂಪೋದಲ್ಲಿ ನಂದಗುಡಿಗೆ ಸಾಗಿಸಿ, ಪ್ರಯೋಗಾಲಯದ ಹಿಂದೆ ಹೊಂಗೆಯ ನೆರಳಿನಲ್ಲಿ ಗಿಡ ನೆಟ್ಟೆವು. ಅದು ಎಷ್ಟೆಂದರೂ ಬೆಟ್ಟದ ಜೀವ. ಬೇಸಿಗೆಗೆ ಅರ್ಧ ಎಲೆ ಉದುರಿಸಿತು. ಬೆಳಗ್ಗೆ ಒಂದು ಬಕೆಟ್, ಮನೆಗೆ ಹೊರಡುವ ಮುನ್ನ ಒಂದು ಬಕೆಟ್ ನೀರು ಹೊತ್ತೆ. ಸೊಂಟ ಹಿಡಿದುಕೊಂಡಿತು, ಗಿಡ ಸಾಯಲಿಲ್ಲ. ಆಮೇಲೊಂದು ದಿನ ಗುಂಪಿನಲ್ಲಿ ಅದರ ಎಲೆಯ ಫೋಟೊ ಹಾಕಿ, ಭಾಯ್ ಹೇಳಿದ್ದೇ ಸರಿ, ಅವರಿಗೆ ಹೇಳಿಕೊಟ್ಟವಳು ನಾನು ಎಂದು ಬರೆದೆ. ಇಬ್ಬರು ಹೆಬ್ಬೆರಳು ಎತ್ತಿದರು. ಅದರ ಕೆಳಗೇ ಮತ್ಯಾರೋ ಸರ್ವೆ ಮರದ ಫೋಟೊ ಹಾಕಿದರು.

ಮಳೆ ಶುರುವಾದ ಮೇಲೆ ಭಾಯ್ ಒಮ್ಮೆ ಬಸ್ಸಿನಲ್ಲಿ ನೋಡಲು ಬಂದರು. ತುದಿಯಲ್ಲಿ ತಿಳಿಹಸಿರಿನ ಹೊಸ ಜೋಡಿ ಎಲೆ ಬಂದಿತ್ತು. ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಇಬ್ಬರೂ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕುಳಿತೆವು.

“ಹೊಸಕೋಟೆಗೆ ಮುಂದಿನ ಬಸ್ ಎಷ್ಟೊತ್ತಿಗೆ ಮೇಡಂ?” ಎಂದರು.

ಇನ್ನೂ ಮುಕ್ಕಾಲು ಗಂಟೆ ಇದೆ ಎಂದೆ.