ರೊಟ್ಟಿ ಆನಿಸುವ ಜಾಗ

ನನ್ನ ಹೆಂಡತಿ ಕಲಘಟಗಿ ಕಡೆಯ ಅನ್ನದ ಸೀಮೆಯವಳು. ನಾವು ನವಲಗುಂದ ತಾಲೂಕಿನ ಎರೆಹೊಲದವರು, ತಿರ್ಲಾಪುರದ ಬಾಜೂಕಿನ ಊರು. ಅವಳ ತವರಿನ ಹಿತ್ತಲಿಗೆ ಅಂಟಿಕೊಂಡೇ ಅಡವಿ. ಅಲ್ಲಿಯ ಒಣಕಟ್ಟಿಗೆ ಒಲೆಯಲ್ಲಿ ಸದ್ದಿಲ್ಲದೆ ಕೆಂಪಗೆ ಉರಿಯುತ್ತದೆ. ನಮ್ಮಲ್ಲಿ ಕಣ್ಣು ಹಾಯುವಷ್ಟು ದೂರ ಕರಿನೆಲ. ಗಿಡವೆಂದರೆ ಹಳ್ಳದ ದಂಡೆಯ ಜಾಲಿ ಅಷ್ಟೇ. ಹತ್ತಿ ಬಿಡಿಸಿದ ಮೇಲೆ ಕಿತ್ತ ಗಿಡದ ಕಟಿಗೆ ಮತ್ತು ಸೆಗಣಿಯ ಕುಳ್ಳು, ಇವೆರಡರಿಂದಲೇ ವರ್ಷವಿಡೀ ನಮ್ಮ ಅಡಿಗೆ. ಮಳೆಗಾಲದಲ್ಲಿ ಎರಡೂ ತೇವ ಹಿಡಿದು, ಉರಿಗಿಂತ ಹೊಗೆಯನ್ನೇ ಹೆಚ್ಚು ಕೊಡುತ್ತಿದ್ದವು.

ಮದುವೆಯಾದ ವರ್ಷದ ಮೊದಲ ಮಳೆಗೇ ಅವಳಿಗೆ ದಮ್ಮು ಶುರುವಾಯಿತು. ರೊಟ್ಟಿ ಬಡಿಯಲು ಕೂತವಳು ಅರ್ಧಕ್ಕೇ ಎದ್ದು ಪಡಸಾಲೆಗೆ ಬಂದು ಕಂಬ ಹಿಡಿದು ನಿಲ್ಲುತ್ತಿದ್ದಳು. ಆಕೆಯ ಬೆನ್ನು ಮೇಲೆ ಕೆಳಗೆ ಆಗುವುದನ್ನು ನೋಡುತ್ತ ನಾನು ಕೈಕಟ್ಟಿ ನಿಲ್ಲುತ್ತಿದ್ದೆ. ನವಲಗುಂದದ ಡಾಕ್ಟರರು ಗುಳಿಗೆ ಕೊಟ್ಟು, "ಹೊಗಿಯಿಂದ ದೂರ ಇಡ್ರಿ. ಇಲ್ಲಾಂದ್ರ ನನ್ನ ಗುಳಗಿ ಏನೂ ಮಾಡೂದಿಲ್ಲ" ಅಂದರು. ಸುದ್ದಿ ಮುಟ್ಟಿ ನನ್ನ ಮಾವ ಬಂದರು. "ಒಲಿ ಸರಿ ಮಾಡ್ರಿ ಅಳಿಯಾರ. ಆಮ್ಯಾಲೆ ಕಳಸ್ತೀನಿ" ಎಂದು ಮಗಳನ್ನು ಕರೆದುಕೊಂಡು ಬಸ್ ಹತ್ತಿದರು.

ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಹಾಗಂತ ಯಾರ ಮುಂದೆಯೂ ತಲೆ ತಗ್ಗಿಸಿದವನಲ್ಲ. ಗೌಂಡಿ ಕೆಲಸ ಕಲಿತೆ. ನಾನು ಕಟ್ಟಿದ ಗೋಡೆಗೆ ಕುಂದಿಡುವ ಮಗ ಈ ಸುತ್ತಿನಲ್ಲಿ ಹುಟ್ಟಿಲ್ಲ ಎಂಬ ಧಿಮಾಕು ನನಗಿತ್ತು, ಈಗಲೂ ಇದೆ. ಆದರೆ ಆ ಮಳೆಗಾಲದಲ್ಲಿ ಸಂಜೆ ಕೆಲಸದಿಂದ ಬಂದವನು ಕೈಕಾಲು ತೊಳೆಯದೆ ಮಾಳಿಗೆ ಹತ್ತುತ್ತಿದ್ದೆ. ಅಲ್ಲಿಂದ ಹುಬ್ಬಳ್ಳಿ ರಸ್ತೆ ಕಾಣುತ್ತಿತ್ತು. ಕಲಘಟಗಿ ಅದರಾಚೆ, ಕಾಣುವ ದೂರವಲ್ಲ. ಆದರೂ ಮಬ್ಬಾಗುವವರೆಗೆ ಆ ದಿಕ್ಕಿಗೇ ನೋಡುತ್ತಿದ್ದೆ. ಕೆಳಗಿನಿಂದ ಅವ್ವ ಕೂಗುತ್ತಿದ್ದಳು, "ಮಾಳಗಿ ಸೋರೂದಿಲ್ಲಲೇ, ಅಲ್ಲೇನ್ ಹುಡುಕ್ತಿ?"

ಅದೇ ಹೊತ್ತಿಗೆ ತಾಲೂಕಿನ ಕಚೇರಿಯವರು ಹಳ್ಳಿಯ ಗೌಂಡಿಗಳನ್ನು ಕರೆದು ಹೊಗೆಯಿಲ್ಲದ ಒಲೆ ಕಟ್ಟುವುದನ್ನು ಕಲಿಸಿದರು. ಕಲಿಸಿದ ಸಾಹೇಬರು ಬಿಜಾಪುರ ಕಡೆಯವರು, ಒಳ್ಳೆಯ ಮನುಷ್ಯ. ಹಲಗೆಯ ಮೇಲೆ ನಕ್ಷೆ ಬರೆದು ಹೇಳಿದರು: "ಈ ಒಲಿಗೆ ಅರ್ಧ ಉರುವಲ ಸಾಕು. ಉರುವಲ ಉಳಿದ್ರ ಅಡವಿ ಉಳೀತದ. ಅಡವಿ ಉಳಿದ್ರ ಮಳಿ ಹಾದಿ ತಪ್ಪೂದಿಲ್ಲ. ಸರಕಾರ ಈಗ ಇದನ್ನ ಮನಸ್ಸಿಗೆ ತಗೊಂಡದ." ಮಳೆಗಳು ತಮ್ಮ ನಕ್ಷತ್ರಕ್ಕೆ ಬರುವುದನ್ನು ಬಿಟ್ಟು ಆಗಲೇ ಕೆಲವು ವರ್ಷವಾಗಿತ್ತು, ಹಿರಿಯರು ಕಟ್ಟೆಯ ಮೇಲೆ ಕೂತು ಅದೇ ಮಾತಾಡುತ್ತಿದ್ದರು. ನನಗೆ ಮಾತ್ರ ಸಾಹೇಬರ ಮಾತಿನಲ್ಲಿ ಕೇಳಿಸಿದ್ದು ಒಂದೇ, ಹೊಗೆ ಕೊಳವೆಯಿಂದ ಮೇಲೆ ಹೋಗುತ್ತದೆ ಎನ್ನುವುದು.

ಊರಿನ ಮೊದಲ ಒಲೆಯನ್ನು ನಮ್ಮ ಮನೆಯಲ್ಲೇ ಕಟ್ಟಿದೆ. ನಕ್ಷೆಗೆ ಒಂದು ನೂಲು ಹೆಚ್ಚಿಲ್ಲ, ಕಡಿಮೆಯಿಲ್ಲ. ಸಾಹೇಬರು ಬಂದು ನೋಡಿ ಪಾಸು ಮಾಡಿ, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆಸಿದರು. ನಾನು ಆ ದಿನವೇ ಕಲಘಟಗಿಗೆ ಹೇಳಿ ಕಳಿಸಿದೆ.

ಆದದ್ದು ಇಷ್ಟು. ಅನ್ನದ ಗಡಿಗೆಗೆ ಆ ಒಲೆ ಹೇಳಿ ಮಾಡಿಸಿದ ಹಾಗಿತ್ತು. ಜೋಳದ ರೊಟ್ಟಿಗೆ ಹಂಚಿನ ಮೇಲೆ ಬೇಯಿಸುವುದು ಅರ್ಧ ಕೆಲಸ ಮಾತ್ರ. ಎರಡೂ ಬದಿ ಬೆಂದ ಮೇಲೆ ರೊಟ್ಟಿಯನ್ನು ಒಲೆಯ ಬಾಯಿಗೆ ತಂದು, ಕೆಂಡಕ್ಕೆ ಮುಖ ಮಾಡಿ ಆನಿಸಿ ನಿಲ್ಲಿಸಬೇಕು. ಆಗ ಅದು ಉಬ್ಬುತ್ತದೆ, ಅಲ್ಲಲ್ಲಿ ಕಂದು ಚುಕ್ಕೆ ಬೀಳುತ್ತವೆ, ಘಮ ಏಳುತ್ತದೆ. ಹೊಸ ಒಲೆಯ ಬಾಯಿ ಇಕ್ಕಟ್ಟು, ಕೆಂಡ ಒಳಗೆಲ್ಲೋ. ರೊಟ್ಟಿ ಆನಿಸಲು ಜಾಗವೇ ಇಲ್ಲ. ಅವ್ವ ಏನು ಮಾಡಿದಳು? ಇಕ್ಕಳದಿಂದ ಕೆಂಡ, ಅರೆಸುಟ್ಟ ಕಟಿಗೆ ಎಲ್ಲವನ್ನೂ ಹೊರಗೆ ಎಳೆದು ನೆಲದ ಮೇಲೆ ಗುಡ್ಡೆ ಹಾಕಿ, ಅದರ ಮುಂದೆ ರೊಟ್ಟಿ ನಿಲ್ಲಿಸಿದಳು. ಕೊಳವೆ ಮೇಲೆ ಬಣಬಣ, ಹೊಗೆಯೆಲ್ಲ ಮನೆಯೊಳಗೆ.

ಮಾವ ಒಲೆ ನೋಡಲು ಬಂದದ್ದು ಆ ಹೊತ್ತಿಗೇ. ಕಣ್ಣು ಒರೆಸುತ್ತ ನಿಂತ ಅವರನ್ನು ಕಂಡು ಅವ್ವ, "ನಮ್ಮನ್ನ ನೋಡಿ ಬೀಗರಿಗೆ ಕಣ್ಣಾಗ ನೀರ ಬಂದೂ ನೋಡ" ಅಂದಳು.

"ಪ್ರೀತಿಗೆ ಅಲ್ರಿ ಬೀಗತಿ, ಹೊಗಿಗೆ" ಎಂದರು ಮಾವ. ಗೋಡೆಯ ನಂಬರನ್ನೂ ನೆಲದ ಕೆಂಡವನ್ನೂ ನೋಡಿದರು. ಚಹಾ ಕುಡಿದು ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, "ಇನ್ನಷ್ಟ ದಿನ ಇರ್ಲಿ ಬಿಡ್ರಿ ಅಲ್ಲೇ" ಅಂದರು.

ನಾನೇ ಒಮ್ಮೆ ಕಲಘಟಗಿಗೆ ಹೋದೆ. ಹಿತ್ತಲ ಒಲೆಯ ಮುಂದೆ ಅವಳು ಕೂತಿದ್ದಳು, ಮುಖಕ್ಕೆ ಬಣ್ಣ ಬಂದಿತ್ತು. ಹಿಂದಿನ ಅಡವಿಯ ಅಂಚಿನಲ್ಲಿ ಬರೀ ಬೊಡ್ಡೆಗಳು. "ನಿಮ್ಮ ಕಡೆ ದೊಡ್ಡ ಮನಿಯವರಿಗೆ ಕಟ್ಟಿಗಿ ಹೇರಿಕೊಂಡು ಹೋಗೂ ಗಾಡಿ ಇಲ್ಲಿಂದನ ಬರೂದ್ರಿ" ಅಂದಳು. "ನಾ ಸಣ್ಣಾಕಿ ಇದ್ದಾಗ ಅಡವಿ ಈ ಕಟ್ಟೀ ತನಕ ಇತ್ತು." ಒಲೆಯ ಕಟ್ಟಿಗೆಯನ್ನು ಒಳಗೆ ದೂಡಿ, "ಇಲ್ಲಿ ಉಸರೇನೋ ಆಡತೈತಿ. ಆದ್ರ ಕಣ್ಣ ಹೋಗಿ ಗಿಡಕ್ಕ ಬಡೀತಾವು. ನಿಮ್ಮೂರ ಬಯಲ ನೆನಪಾಗತೈತ್ರಿ" ಅಂದಳು. ನನ್ನ ನೆನಪಾಗುತ್ತದೆ ಎಂದು ಹೇಳಲಿಲ್ಲ. ಬಯಲು ಅಂದದ್ದೇ ನನಗೆ ತಿರುಗಿ ಬರುವಾಗ ಹುಬ್ಬಳ್ಳಿಯವರೆಗೆ ಮೆಲುಕು ಹಾಕಲು ಸಾಕಾಯಿತು.

ಆಗ ಮಂಡಲ ಪಂಚಾಯ್ತಿ ಹೊಸದಾಗಿ ಬಂದಿತ್ತು. ಒಲೆಯ ಯೋಜನೆ ಎಷ್ಟು ಮನೆಗೆ ಎಂದು ನಿರ್ಣಯಿಸಿ ಠರಾವು ಬರೆಯುವ ಸಭೆಗೆ ಸಾಹೇಬರೂ ಬಂದಿದ್ದರು. ಅವ್ವ ಸೆರಗಿನಲ್ಲಿ ರೊಟ್ಟಿ ಕಟ್ಟಿಕೊಂಡು ನನ್ನ ಹಿಂದೆಯೇ ನಡೆದಳು. ಅವಳ ಹಿಂದೆ ಓಣಿಯ ಹೆಂಗಸರು.

ಮಂಡಲದ ಪ್ರಧಾನರು ನಕ್ಕರು. "ಅಡಗಿಮನಿ ಸುದ್ದಿ ಪಂಚಾಯ್ತ್ಯಾಗ ಯಾಕ ಬೇ ಯವ್ವಾ?"

"ನೀ ಮುಂಜಾನೆ ಏನ್ ತಿಂದ ಬಂದೀಯೋ? ಠರಾವು ತಿಂದ ಬಂದೀ ಏನು?" ಅಂದಳು ಅವ್ವ. ಹೆಂಗಸರು ಸೆರಗು ಬಾಯಿಗೆ ಹಿಡಿದರು. ಅವಳು ಸಾಹೇಬರ ಕಡೆ ತಿರುಗಿ, ಹೊಸ ಒಲೆಯಲ್ಲಿ ಉಬ್ಬದೆ ಉಳಿದ ಚಪ್ಪಟೆ ರೊಟ್ಟಿಯನ್ನು ಮೇಜಿನ ಮೇಲಿಟ್ಟು ಕೇಳಿದಳು: "ಸಾಹೇಬ್ರ, ನಿಮ್ಮ ಸರಕಾರ ರೊಟ್ಟಿ ತಿಂತೈತೋ, ಬರೇ ಅನ್ನಾನ ಉಣ್ತೈತೋ?"

ಸಾಹೇಬರಿಗೂ ನಗು ತಡೆಯಲಿಲ್ಲ. "ನಮ್ಮವ್ವನೂ ಇದನ್ನ ಅಂದಾಳ್ರಿ. ಆದ್ರ ನಕ್ಷಾ ಮ್ಯಾಲಿಂದ ಬಂದದ. ಅದನ್ನ ಮುಟ್ಟಿದ್ರ ಒಲಿ ಪಾಸ್ ಆಗೂದಿಲ್ಲ, ನನ್ನ ಕೈಯಾಗೇನಿಲ್ಲ. ನೀವು ಠರಾವು ಮಾಡಿ ಕಳಸ್ರಿ. ಬಾಯಿಮಾತು ಮ್ಯಾಲೆ ಮುಟ್ಟೂದಿಲ್ಲ, ಠರಾವು ಮುಟ್ಟತದ."

ಠರಾವಾಯಿತು. ಜೋಳದ ರೊಟ್ಟಿ ಉಣ್ಣುವ ಊರುಗಳಲ್ಲಿ ಒಲೆಗೆ ರೊಟ್ಟಿ ಆನಿಸುವ ಜಾಗ ಬಿಡಬೇಕು, ನಕ್ಷೆ ಮಾಡುವ ಮೊದಲು ಆಯಾ ಸೀಮೆಯ ಹೆಂಗಸರನ್ನು ಕೇಳಬೇಕು. ಕಾರಕೂನ ಓದಿ ಹೇಳಿದ, ಹೆಂಗಸರು ಹೆಬ್ಬೆಟ್ಟು ಒತ್ತಿದರು.

ಆಮೇಲೆ ಕಾಯುವುದು. ಮುಂಗಾರಿ ಹೋಗಿ ಹಿಂಗಾರಿ ಬಂತು, ಬಿಳಿಜೋಳ ಮೊಳಕಾಲುದ್ದ ಬೆಳೆಯಿತು, ಮೇಲಿನಿಂದ ಉತ್ತರವಿಲ್ಲ. ಒಲೆಯ ಬಾಯಿ ಅಗಲಿಸುವುದು ನನಗೆ ಒಂದು ಹೊತ್ತಿನ ಕೆಲಸ. ಆದರೆ ಪಾಸಾಗದ ಕೆಲಸ ನನ್ನ ಕೈಯಿಂದ ಎಂದೂ ಹೊರಬಿದ್ದಿರಲಿಲ್ಲ. ನಂಬರು ಅಳಿಸಿದರೆ ಊರು ಏನಂದೀತು? ಸಂಜೆ ಮಾಳಿಗೆ ಹತ್ತುವುದು, ಇಳಿಯುವುದು. ಮಾವ ಸಂತೆಗೆ ಬಂದವರೊಬ್ಬರ ಕೈಯಲ್ಲಿ ಮಗಳ ಮಾತು ಹೇಳಿ ಕಳಿಸಿದರು: "ಒಲಿಗೆ ಅಪ್ಪಣಿ ಬರಬೇಕಂತ. ಗಂಡನ ಮನಿಗೆ ಬರಾಕ ನಾನೂ ಸರಕಾರಕ್ಕ ಅರ್ಜಿ ಹಾಕ್ಲೇನು, ಕೇಳ್ರಿ."

ಅವ್ವ ಕೇಳಿಸಿಕೊಂಡು ಮಣ್ಣು ಅಗೆಯುವ ಸನಿಕೆ ತಂದು ನನ್ನ ಮುಂದೆ ಒಗೆದಳು. "ನಿನಗ ನಂಬರ ಬೇಕೋ, ಹೇಣ್ತಿ ಬೇಕೋ, ಹೇಳಿಬಿಡಲೇ."

ಒಡೆದೆ. ಬಾಯಿಯನ್ನು ಒಂದು ಬದಿಗೆ ತಗ್ಗಾಗಿ ಅಗಲಿಸಿ, ಕೆಂಡ ಮುಂದಕ್ಕೆ ಬರುವಂತೆ ಸಣ್ಣ ಜಗುಲಿ ಮಾಡಿದೆ. ಎಲ್ಲಿಯವರೆಗೆ ಎಂದು ಅವ್ವ ಒಂದು ರೊಟ್ಟಿ ಹಿಡಿದು ಅಳತೆ ಕೊಟ್ಟಳು. ಆನಿಸುವ ಕೆಲಸ ಮುಗಿದ ಮೇಲೆ ಮುಚ್ಚಲು ಒಂದು ಹಂಚಿನ ತುಂಡು. ಮೊದಲ ಸಲ ಹೊಗೆ ಹಿಂದಕ್ಕೆ ಬಂತು. ಕೊಳವೆಯ ಬುಡವನ್ನು ತಿದ್ದಿದೆ. ಎರಡನೆಯ ಸಲ ಕೊಳವೆ ಹೊಗೆ ಎಳೆಯಿತು. ಗೋಡೆಗೆ ಹೊಸದಾಗಿ ಮೆತ್ತಿದ ಮಣ್ಣಿನ ಕೆಳಗೆ ನಂಬರೂ ಮುಚ್ಚಿಹೋಯಿತು.

ಠರಾವಿನ ಉತ್ತರ ಬಂದದ್ದು ಮುಂದಿನ ಬೇಸಿಗೆಗೆ. ಹೊಸ ನಕ್ಷೆಯಲ್ಲಿ ರೊಟ್ಟಿಗೆ ಜಾಗವಿತ್ತು. ಸಾಹೇಬರಿಗೆ ಅಷ್ಟರಲ್ಲಿ ಬೇರೆ ಕಡೆ ವರ್ಗವಾಗಿತ್ತು. ಅವರ ಮುಂದೆ ಅದನ್ನು ಹಿಡಿದು ನಗುವ ಆಸೆ ಉಳಿದೇ ಹೋಯಿತು. ಆ ನಕ್ಷೆ ಹಿಡಿದು ನಾನು ದೂರದ ಸಂಶಿ ಊರಿನವರೆಗೂ ಒಲೆ ಕಟ್ಟಿ ಬಂದೆ. ಈಗ ಟೀವಿಯಲ್ಲಿ ಬಿಸಿಲು ಏರಿದ್ದು, ಮಳೆ ಕೆಟ್ಟದ್ದು, ಸರಕಾರ ಅದಕ್ಕೆಲ್ಲ ಯೋಜನೆ ಹಾಕುವುದು ದಿನವೂ ಬರುತ್ತದೆ. ಹಾಕಲಿ, ಹಾಕಲೇಬೇಕು. ಅಡವಿ ಹಿಂದೆ ಸರಿದದ್ದನ್ನು ನಾನೇ ಕಲಘಟಗಿಯ ಹಿತ್ತಲಲ್ಲಿ ನಿಂತು ನೋಡಿದವನು. ರೊಟ್ಟಿ ಬಡಿಯುವವಳನ್ನು ಮೊದಲು ಕೇಳಿರಿ ಎನ್ನುವುದಷ್ಟೇ ನನ್ನ ಮಾತು. ನಮ್ಮ ಮನೆಯಲ್ಲೂ ಈಗ ಗ್ಯಾಸ್ ಇದೆ, ಕೆಮ್ಮಿಲ್ಲ, ಒಳ್ಳೆಯದೇ ಆಯಿತು. ಆದರೂ ನನ್ನ ಮನಸ್ಸು ಒಲೆ ಒಡೆದು ಕಟ್ಟಿದ ಆ ವರ್ಷದ ಎಳ್ಳಮವಾಸ್ಯೆಯ ಹಿಂದಿನ ಸಂಜೆಗೇ ಹೋಗುತ್ತದೆ.

ಅಂದು ಅವಳು ಬಸ್ಸಿಳಿದು ಬಂದಳು. ಗಂಟು ಕೂಡ ಇಳಿಸದೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಗಾಳಿ ಎಳೆದುಕೊಂಡಳು.

"ಬೆಕ್ಕಿನಂಗ ಏನ್ ಮೂಸ್ತಿ ಬೇ?" ಅಂದಳು ಅವ್ವ.

"ಅತ್ತಿ, ಹೊಗಿ ಎಲ್ಲಿ?"

"ನಿನ್ನ ಗಂಡ ಮ್ಯಾಲೆ ಕಳಿಸ್ಯಾನ. ಕೂಡು, ಸಜ್ಜಿ ರೊಟ್ಟಿ ಬಡಿ."

ನಾನು ಒಳಗೆ ನಿಲ್ಲಲಾರದೆ ಮಾಳಿಗೆ ಹತ್ತಿದೆ. ಕೊಳವೆಯಿಂದ ತೆಳ್ಳನೆಯ ಹೊಗೆ ಎದ್ದು ಬಯಲಿನ ಕಡೆ ಹೋಗುತ್ತಿತ್ತು. ಕೆಳಗೆ ರೊಟ್ಟಿ ಬಡಿಯುವ ಸದ್ದು, ನಡುವೆ ಬಳೆಯ ಸದ್ದು. ಕೆಮ್ಮು ಬಂದೀತೇ ಎಂದು ಕಿವಿಗೊಟ್ಟು ನಿಂತೆ. ಬಡಿಯುವುದು ನಿಂತಿತು. ಆನಿಸುತ್ತಿದ್ದಾಳೆ ಎಂದುಕೊಂಡೆ, ಉಸಿರು ನನ್ನದೇ ಕಟ್ಟಿತು.

"ಏನ್ರಿ," ಕೆಳಗಿನಿಂದ ಅವಳು ಕೂಗಿದಳು. "ಇಳದ ಬರ್ರಿ, ಉಬ್ಬೇತಿ. ಆರಿ ಹೋಗತೈತಿ."

ಬಂದೆ ಎಂದೆ. ಆದರೂ, ಇನ್ನೊಮ್ಮೆ ಕರೆಯಲಿ ಎಂದು, ಹುಬ್ಬಳ್ಳಿ ರಸ್ತೆಗೆ ಬೆನ್ನು ಮಾಡಿ ತುಸು ಹೊತ್ತು ಅಲ್ಲೇ ನಿಂತೆ.