ಒಲೆಯಿಲ್ಲದ ಊರು

ಸಣ್ಣ ವಸ್ತುವನ್ನು ಕಂಡ ಕೂಡಲೇ ಮನುಷ್ಯನ ಧ್ವನಿಯೂ ಸಣ್ಣದಾಗುತ್ತದೆ ಎಂಬುದು ನನ್ನ ಇತ್ತೀಚಿನ ಸಂಶೋಧನೆ. ಗೇಟಿನ ಬಳಿ ಜೀಪಿನಿಂದ ಇಳಿಯುವಾಗ ಕಿವಿ ಕಿತ್ತುಹೋಗುವಂತೆ ಕೂಗಾಡುವ ಮಂದಿ, ನಾನು ಮಾಡಿಟ್ಟ ಗೇಣುದ್ದದ ಮನೆಗಳ ಮುಂದೆ ಬಂದು ನಿಂತರೆಂದರೆ ಪಿಸುಗುಟ್ಟತೊಡಗುತ್ತಾರೆ. ಒಳಗೆ ಯಾರೋ ಮಲಗಿದ್ದಾರೆ, ಎಚ್ಚರವಾದೀತು ಎನ್ನುವ ಹಾಗೆ. ಮೊನ್ನೆ ಸ್ಥೂಲಕಾಯದ ಗೃಹಸ್ಥರೊಬ್ಬರು ಮೊಣಕಾಲೂರಿ ಕೂತು, ಬೆರಳುದ್ದದ ಎಸ್.ಟಿ. ಬಸ್ಸನ್ನು ದಿಟ್ಟಿಸಿ, "ಇದು ಎಷ್ಟಕ್ಕ ಬಿಡತದ್ರಿ?" ಎಂದು ಮೆಲ್ಲಗೆ ಕೇಳಿದರು. ತಮಾಷೆಗೋ ಅಭ್ಯಾಸಬಲದಿಂದಲೋ ತಿಳಿಯಲಿಲ್ಲ. "ಡ್ರೈವರ್ ಚಾ ಕುಡ್ಯಾಕ ಹೋಗ್ಯಾನ್ರಿ" ಎಂದೆ. ಅವರು ಸಮಾಧಾನದಿಂದ ತಲೆಯಾಡಿಸಿ ಅಲ್ಲೇ ಕೂತರು. ಆಮೇಲೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾಯಿತು.

ನಾನು ಹುಟ್ಟು ಶಿಲ್ಪಿಯಲ್ಲ. ಸೊಲ್ಲಾಪುರದ ಪೇಟೆಯಲ್ಲಿ ಚಾದರ ಮಾರಿಕೊಂಡಿದ್ದವನು. ಮಗ ಗಾದಿಯ ಮೇಲೆ ಕೂತಂದಿನಿಂದ ಅಂಗಡಿಯಲ್ಲಿ ನಾನೊಂದು ಆದರಣೀಯ ಅಡಚಣೆಯಾದೆ. ಹಳೆಯ ಚಾದರಗಳ ಗುಣಗಾನ ಮಾಡಿ ಗಿರಾಕಿಗಳಿಗೆ ಹೊಸವುಗಳ ಮೇಲೆ ವೈರಾಗ್ಯ ಹುಟ್ಟಿಸುತ್ತೇನೆಂಬುದು ಅವನ ಆಕ್ಷೇಪ, ಅದು ಅಕ್ಷರಶಃ ನಿಜವೂ ಹೌದು. "ಅಪ್ಪಾ, ಇನ್ನ ನೀವು ಆರಾಮ ಮಾಡ್ರಿ" ಎಂದು ಅವನು ಅತ್ಯಂತ ವಿನಯದಿಂದ ನನ್ನನ್ನು ಹೊರಗೆ ಹಾಕಿದ. ಅಕ್ಕಲಕೋಟೆ ರಸ್ತೆಯಲ್ಲಿ, ವಳಸಂಗದಿಂದ ತುಸು ಈಚೆಗೆ, ಗೋದಾಮಿಗೆಂದು ಎಂದೋ ಕೊಂಡಿಟ್ಟ ಜಾಗವಿತ್ತು, ಅದರಲ್ಲೊಂದು ತಗಡಿನ ಶೆಡ್ಡಿತ್ತು, ಚಾದರ ತುಂಬಿ ಬರುವ ರಟ್ಟಿನ ಡಬ್ಬಿಗಳಂತೂ ಬೇಕಾದಷ್ಟು. ಹೀಗೆ ರಟ್ಟು, ಮಣ್ಣು, ಜೋಳದ ದಂಟು ಮತ್ತು ಅಂಟುಗಳ ಸಹಾಯದಿಂದ ಅರವತ್ತೆಂಟನೆಯ ವಯಸ್ಸಿನಲ್ಲಿ ನಾನು ಗ್ರಾಮನಿರ್ಮಾಣಕ್ಕೆ ಕೈಹಾಕಿದೆ.

ಯಾವ ಊರು ಕಟ್ಟಬೇಕೆಂಬ ಪ್ರಶ್ನೆ ಏಳಲೇ ಇಲ್ಲ. ನನ್ನ ಹೆಂಡತಿ ಸುಭದ್ರೆಯ ತವರು ಅಕ್ಕಲಕೋಟೆಯಾಚೆಯ ಕರಜಗಿ. ಆ ವರ್ಷವಷ್ಟೇ ಅವಳ ತಮ್ಮ ಹಳೆಯ ಮಾಳಿಗೆಮನೆಯನ್ನು ಕೆಡವಿ ಕಾಂಕ್ರೀಟಿನ ಮನೆ ಕಟ್ಟಿಸಿದ್ದ. ತಪ್ಪೇನಿಲ್ಲ, ಮಣ್ಣಿನ ಮಾಳಿಗೆ ಮಳೆಗಾಲದಲ್ಲಿ ಸೋರುತ್ತಿತ್ತು. ಆದರೆ ಗೃಹಪ್ರವೇಶ ಮುಗಿಸಿ ಬಂದ ಸುಭದ್ರಾ ನಾಲ್ಕು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ಅವಳಿಗಾಗಿ ಆ ಮನೆಯನ್ನೂ, ಅದು ಒಂಟಿಯಾಗಬಾರದೆಂದು ಸುತ್ತಲಿನ ಊರನ್ನೂ ಮಾಡಿಕೊಡುತ್ತೇನೆಂದು ಮನಸ್ಸಿನಲ್ಲೇ ಸಂಕಲ್ಪ ತೊಟ್ಟೆ. ಎರಡು ವರ್ಷ ಹಿಡಿಯಿತು. ಕುರಿ ಹಿಂಡು, ಬೇವಿನ ಗಿಡ, ಚಾವಡಿಯ ಕಟ್ಟೆ, ಕಟ್ಟೆಯ ಮೇಲೆ ಕೆಲಸವಿಲ್ಲದೆ ಕೂತ ಐದು ಮಂದಿ, ಎಲ್ಲವೂ ಬಂದವು. ಆ ಐವರಲ್ಲಿ ಒಬ್ಬನ ಮೂಗು ಅಂಟಿನ ದೋಷದಿಂದ ಕಿವಿಯ ಕಡೆಗೆ ಸರಿದಿದೆ, ದಯವಿಟ್ಟು ಬಂದಾಗ ಗಮನಿಸಬೇಡಿ.

ಮೊದಮೊದಲು ನೆರೆಹೊರೆಯವರು ಬಂದರು, ಆಮೇಲೆ ಅಕ್ಕಲಕೋಟೆಗೆ ದರ್ಶನಕ್ಕೆ ಹೋಗಿ ಮರಳುವವರು ಗಾಡಿ ನಿಲ್ಲಿಸತೊಡಗಿದರು. "ಕಾಕಾ, ಕಿತೀ ಸುಂದರ!" ಎಂದು ಮರಾಠಿಯಲ್ಲಿ ಹೊಗಳಿದವರುಂಟು, ಅಭಿಮಾನ ಉಕ್ಕಿ ನನ್ನ ಕಾಲಿಗೆರಗಿದವರುಂಟು, ಕರಜಗಿಯವರೇ ಬಂದು, ತಮ್ಮ ಮನೆಯ ಬಾಗಿಲು ಪೂರ್ವಕ್ಕಿದೆ, ನೀವು ಉತ್ತರಕ್ಕೆ ಇಟ್ಟಿದ್ದರಿಂದಲೇ ಈ ವರ್ಷ ಎಮ್ಮೆ ಗಬ್ಬ ನಿಲ್ಲಲಿಲ್ಲವೆಂದು ಜಗಳ ತೆಗೆದವರೂ ಉಂಟು. ಎಲ್ಲರಿಗೂ ಸುಭದ್ರಾ ನೀರು ಕೊಡುತ್ತಾಳೆ, ಅವಲಕ್ಕಿ ಚೂಡಾ ಕೊಡುತ್ತಾಳೆ, ಹೆಣ್ಣುಮಕ್ಕಳಿಗೆ ಕುಂಕುಮ ಹಚ್ಚಿ ಕಳಿಸುತ್ತಾಳೆ. ಆದರೆ ಊರಿನ ಬಗ್ಗೆ ಮಾತ್ರ ತುಟಿ ಬಿಚ್ಚಿದವಳಲ್ಲ.

ಓದುಗ ಮಿತ್ರರೇ, ನಿಮ್ಮೆದುರು ಮುಚ್ಚಿಡುವುದೇನು? ಊರವರ ಶಹಭಾಸಗಿರಿಯನ್ನೆಲ್ಲ ಒಂದು ಕಡೆ ಸುರಿದು, ಅವಳ ಬಾಯಿಂದ "ಛಲೋ ಆಗ್ಯದ" ಎಂಬ ಎರಡು ಶಬ್ದ ಕೇಳಲು ನಾನು ಹಪಹಪಿಸುತ್ತಿದ್ದೆ. ಅವಳಿಗೆ ಕೇಳಿಸುವಂತೆ ನನ್ನನ್ನು ನಾನೇ ಬೈದುಕೊಂಡೆ, ಅವಳು ಅಲ್ಲಗಳೆಯಲಿಲ್ಲ. "ನಿಮ್ಮ ಪಡಸಾಲಿ ಗೂಟ ನೋಡಿದೇನ? ಹಂಗ ಅದ ಇಲ್ಲ?" ಎಂದು ನೇರವಾಗಿಯೇ ಕೇಳಿದೆ. "ಹೂಂ, ಗೂಟ ಅದ" ಎಂದಳು. ಇಷ್ಟು ಪ್ರಾಮಾಣಿಕವಾದ, ಇಷ್ಟು ನಿಷ್ಪ್ರಯೋಜಕವಾದ ವಿಮರ್ಶೆಯನ್ನು ಯಾವ ಕಲಾವಿದನೂ ಕೇಳಿರಲಾರ. ಎರಡು ವರ್ಷದ ದುಡಿಮೆ ನೀರಿಗೆ ಹೋಯಿತಲ್ಲ ಎಂದು ನನಗೆ ನಿಜಕ್ಕೂ ದುಃಖವಾಯಿತು, ಸಣ್ಣ ಸಿಟ್ಟೂ ಬಂತು.

ಕಳೆದ ತಿಂಗಳು ದರ್ಶನ ಮುಗಿಸಿ ಮರಳುತ್ತಿದ್ದ ಒಂದು ತಂಡದಲ್ಲಿ ವಯಸ್ಸಾದ ಹೆಣ್ಣುಮಗಳೊಬ್ಬಳಿದ್ದಳು. ಉಳಿದವರು ಬಸ್ಸಿನ ಫೋಟೋ ತೆಗೆಯುವುದರಲ್ಲಿ ಮಗ್ನರಾಗಿರುವಾಗ ಆಕೆ ಸೀದಾ ನನ್ನ ಮಾವನ ಮನೆಯ ಮುಂದೆ ಕೂತು, ಬಾಗಿಲಲ್ಲಿ ಒಂದು ಕಣ್ಣಿಟ್ಟು ಬಹಳ ಹೊತ್ತು ಇಣುಕಿದಳು. ಪಕ್ಕದ ಮನೆಗೂ ಹಾಗೆಯೇ ಇಣುಕಿದಳು. ನಾಲ್ಕನೆಯ ಮನೆ ಮುಗಿದ ಮೇಲೆ ಎದ್ದು ನನ್ನ ಕಡೆ ತಿರುಗಿ, "ಯಪ್ಪಾ, ಊರು ಭಾಳ ಛಂದ ಮಾಡೀರಿ. ಖರೇ, ಯಾರ ಮನ್ಯಾಗೂ ಒಲೀನ ಇಲ್ಲಲ್ಲ! ಈ ಮಂದಿ ಉಣ್ಣೂದು ಏನ್ರಿ?" ಎಂದಳು.

ತಂಡ ಘೊಳ್ಳೆಂದು ನಕ್ಕಿತು. ಎಲ್ಲರಿಗಿಂತ ದೊಡ್ಡದಾಗಿ ನಕ್ಕವಳು ಶೆಡ್ಡಿನ ಬದಿಯ ದೊಡ್ಡ ಬೇವಿನ ನೆರಳಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದ ಸುಭದ್ರಾ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಕ್ಕಾ, ಅವರು ಆ ಊರ ಅಳಿಯಾ ಅದಾರ. ಪಡಸಾಲಿ ದಾಟಿ ಎಂದರ ಒಳಗ ಬಂದಾರೇನು, ಒಲಿ ಎಲ್ಲಿಂದ ಗೊತ್ತಿರಬೇಕು?" ಎಂದಳು.

ನಾನು ಪೆಚ್ಚಾದೆ. ನಲವತ್ತೆರಡು ವರ್ಷ ಆ ಮನೆಗೆ ಹೋಗಿ ಬಂದಿದ್ದೇನೆ. ಪಡಸಾಲೆಯ ಕಂಬದ ಕೆತ್ತನೆ, ಟೋಪಿ ನೇತುಹಾಕುವ ಗೂಟದ ಎತ್ತರ, ಜಮಖಾನೆಯ ಅಂಚಿನ ಬಣ್ಣ, ಎಲ್ಲವೂ ಕಂಠಸ್ಥ. ಅದರಾಚೆ ಒಂದು ಪರದೆ. ಪರದೆಯ ಆಚೆಯಿಂದ ತಾಟು ಬರುತ್ತಿತ್ತು, ಬಳೆಯ ಸಪ್ಪಳ ಬರುತ್ತಿತ್ತು, "ಇನ್ನೊಂದು ಹೋಳಿಗಿ ಹಾಕ್ಕೋಬೇಕಂತ ಹೇಳು" ಎಂಬ ಅತ್ತೆಯ ದನಿ ಮಗಳ ಮೂಲಕ ಬರುತ್ತಿತ್ತು. ಅಳಿಯನಾದವನಿಗೆ ಇದು ಮರ್ಯಾದೆ. ಆ ಮರ್ಯಾದೆಯ ಪರಿಣಾಮವಾಗಿ ನಾನು ಕಟ್ಟಿದ ಊರಿನ ಪ್ರತಿಯೊಂದು ಮನೆಯೂ ಪಡಸಾಲೆಗೆ ಮುಗಿದು, ಹಿಂದೆ ಸಪಾಟಾದ ರಟ್ಟಿನ ಗೋಡೆ ಮಾತ್ರ ಉಳಿದಿತ್ತು. ಎರಡು ವರ್ಷದಲ್ಲಿ ಇದು ನನಗೆ ಹೊಳೆಯಲೇ ಇಲ್ಲ ಎಂಬುದು ಗೋಡೆಗಿಂತ ದೊಡ್ಡ ನಾಚಿಕೆಗೇಡು.

ತಂಡ ಹೊರಟ ಮೇಲೆ, "ಮೊದಲ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಸುಭದ್ರೆಯ ನಗು ನಿಂತಿತ್ತು. "ಏನಂತ ಹೇಳ್ಲಿ? ಬಂದವರಿಗೆಲ್ಲಾ ಇದು ನನ್ನ ಹೆಂಡತಿ ತವರುಮನಿ ಅಂತ ತೋರಸ್ತೀರಿ. ಅದರಾಗ ನಾ ಕುಂತ ಜಾಗಾ, ನಿಂತ ಜಾಗಾ ಒಂದೂ ಇಲ್ಲ. ಅದು ನನ್ನ ತವರಲ್ಲ, ನಿಮ್ಮ ಮಾವನ ಮನಿ" ಎಂದಳು. ಹೋಗಿ ಕತ್ತರಿ ತಂದು ಕೊಟ್ಟೆ.

ಆ ಮನೆಯ ಹಿಂದಿನ ಗೋಡೆಯನ್ನು ಅವಳೇ ಕತ್ತರಿಸಿ ತೆಗೆದಳು. ಮರುದಿನದಿಂದ ನಾನು ಮಣ್ಣು ಕಲಸುವ ಕೂಲಿ, ಅವಳು ಮೇಸ್ತ್ರಿ. ಪಡಸಾಲೆಯ ಹಿಂದೆ ಪರದೆಯ ಬಾಗಿಲಿನ ಹೊಸ ಗೋಡೆ ಬಂತು, ಅದರಾಚೆ ಉಗುರಿನಷ್ಟು ಒಲೆ ಬಂತು, ಅದರ ಮೇಲೆ ಬೆಳಕಿಂಡಿ ಬಂತು, ಬೀಸುಕಲ್ಲು ಬಂತು, ಹಿತ್ತಲ ಬಾಗಿಲು, ಬಚ್ಚಲು, ಬಚ್ಚಲ ನೀರು ಕುಡಿಯುವ ಬಾಳೆಗಿಡ ಬಂದವು. ನಾನೊಂದು ಮಡಕೆಯನ್ನು ಎಡಕ್ಕಿಟ್ಟರೆ, "ನಮ್ಮವ್ವ ಎಡಚಿ ಅಲ್ಲ, ಬಲಕ್ಕಿಡ್ರಿ" ಎಂದು ಗದರುತ್ತಿದ್ದಳು. ಅಷ್ಟು ವರ್ಷ ಒಂದು ದನಿಯಾಗಿ ಮಾತ್ರ ಗೊತ್ತಿದ್ದ ಅತ್ತೆ ಎಲ್ಲಿ ಕೂತು ರೊಟ್ಟಿ ಬಡಿಯುತ್ತಿದ್ದರು, ಸಿಟ್ಟು ಬಂದರೆ ಯಾವ ಮೂಲೆಗೆ ಹೋಗಿ ಬೇಳೆ ಆರಿಸುತ್ತಿದ್ದರು ಎಂಬುದೆಲ್ಲ ನನಗೆ ಅವರು ತೀರಿಕೊಂಡ ಹನ್ನೊಂದು ವರ್ಷದ ಮೇಲೆ ತಿಳಿಯಿತು.

ಕೊನೆಗೆ ಅವಳು ಒಂದು ಸೂಜಿ ತೆಗೆದುಕೊಂಡು ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಸಣ್ಣ ತೂತು ಕೊರೆದಳು. ಇದೇನೆಂದು ಕೇಳಿದರೆ, ಮನೆಯ ಹೆಂಗಸರೆಲ್ಲ ಸರದಿಯ ಮೇಲೆ ನನ್ನನ್ನು ನೋಡುತ್ತಿದ್ದದ್ದು ಅಲ್ಲಿಂದಲೇ ಎಂದಳು! ನಾನು ಎಷ್ಟು ಹೋಳಿಗೆ ತಿಂದೆ, ಯಾರೂ ಇಲ್ಲವೆಂದು ಎಲ್ಲೆಲ್ಲಿ ಕೆರೆದುಕೊಂಡೆ, ಎಲ್ಲ ವರದಿಯಾಗುತ್ತಿತ್ತಂತೆ. ನಲವತ್ತೆರಡು ವರ್ಷದ ಘನತೆ ಒಂದು ಸೂಜಿಮೊನೆಗೆ ಬಲಿಯಾಯಿತು.

"ನೀವೂ ನೋಡ್ರಿ" ಎಂದಳು. ಮೊಣಕಾಲೂರಿ, ಒಲೆಯ ಕಡೆಯಿಂದ ಒಂದು ಕಣ್ಣಿಟ್ಟು ನೋಡಿದೆ. ಜಮಖಾನೆಯ ಮೇಲೆ ನಾನೇ ಮಾಡಿ ಕೂಡಿಸಿದ ಅಳಿಯನ ಗೊಂಬೆ, ಬೆನ್ನು ಸೆಟೆಸಿಕೊಂಡು, ಗೋಡೆ ನೋಡುತ್ತ, ಒಬ್ಬನೇ ಕೂತಿತ್ತು. "ಅಲ್ಲಾ, ಪಾಪ ಅನಸ್ತದ" ಎಂದೆ.

"ನಮ್ಮವ್ವನೂ ಹಂಗ ಅಂತಿದ್ಲು," ಎಂದಳು ಸುಭದ್ರಾ. "ಪಾಪ, ಅಳಿಯಾ ಒಬ್ಬರ ಕುಂತಾರ, ಒಳಗ ಕರೀಬೇಕಂತ ಅನಸ್ತದ, ಹ್ಯಾಂಗ ಕರೀಲಿ ಅಂತ. ಪ್ರತಿ ಸಲಾನೂ ಅಂತಿದ್ಲು."

"ಛಲೋ ಆಗ್ಯದ" ಎಂಬ ಮಾತು ಇನ್ನೂ ಬಂದಿಲ್ಲ. ಆದರೆ ಅವಳು ಅಂದೇ ಪಡಸಾಲೆಯೊಳಗೆ ಎರಡು ಬೆರಳು ತೂರಿಸಿ, ಆ ಗೊಂಬೆಯನ್ನು ಜಮಖಾನೆಯಿಂದ ಮೆತ್ತಗೆ ಕಿತ್ತು ತಂದು ಒಲೆಯ ಪಕ್ಕದಲ್ಲಿ ಕೂಡಿಸಿ, ನನ್ನ ಕಡೆ ನೋಡದೆಯೇ ಅಂದಳು: "ಬರ್ರಿ ಒಳಗ, ರೊಟ್ಟಿ ಆರತಾವ."